ಹಳೆಯ ಎಂಜಿನ್ನಿನಲ್ಲಿ ಬದಲಾದ ಭಾಗಗಳನ್ನು ಗುರುತಿಸುವ ಬಗೆ



ಪರಿಸರದ ಮಾತನಾಡಬೇಕಾದ ವೇದಿಕೆಯಲ್ಲಿ ಹೊಗೆಯುಗುಳುವ ಮೋಟಾರ್ ಸೈಕಲ್ಲಿನ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಬರಗೂರಿನ ಸುತ್ತಲ ಸೀಮೆಯಲ್ಲಿಯೇ ಇದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳ ಹಳ್ಳಿಗಳಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಗಾಡಿಯೊಂದು ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದರೆ ಅದು ಯಾರಿಗೂ ಅಚ್ಚರಿಯ ನೋಟವಲ್ಲ. ತಂದೆಯ ಕಾಲದ ಆ ಗಾಡಿಯನ್ನು ಗುಜರಿಗೆ ಹಾಕದೆ ಮತ್ತೆ ಕಟ್ಟಿ ಓಡಿಸಬೇಕೆಂಬ ಆಸೆ ಇಂದಿನ ಯುವಕರಲ್ಲಿ ಹೆಚ್ಚುತ್ತಿದೆ. ಇರುವ ವಸ್ತುವನ್ನು ಎಸೆಯದೆ ಸರಿಪಡಿಸಿಕೊಳ್ಳುವುದು ಒಳ್ಳೆಯ ಗುಣವೇ. ಆದರೆ ತಪ್ಪಾಗಿ ಕಟ್ಟಿದ ಎರಡು ಹೊಡೆತದ ಎಂಜಿನ್, ಅಂದರೆ ಟೂ ಸ್ಟ್ರೋಕ್ ಎಂಜಿನ್, ಒಂದು ಬೀದಿಯ ಗಾಳಿಯನ್ನೇ ಕೆಡಿಸಬಲ್ಲದು. ಒಳಗಿನ ಯಾವ ಭಾಗ ಕಾರ್ಖಾನೆಯದು, ಯಾವುದು ರಿಪೇರಿಯಲ್ಲಿ ಬಂದದ್ದು, ಯಾವುದನ್ನು ವೇಗದ ಹುಚ್ಚಿಗೆ ಯಾರೋ ಅರೆದು ಕೊರೆದು ಮಾರ್ಪಡಿಸಿದ್ದು ಎಂಬುದನ್ನು ತಿಳಿಯದೆ ಕಟ್ಟಲು ಕೂತರೆ ಹಣವೂ ಹೋಗುತ್ತದೆ, ಹೊಗೆಯೂ ಉಳಿಯುತ್ತದೆ.

ಮೊದಲು ಸ್ವಲ್ಪ ಇತಿಹಾಸ. ಜಾವಾ ಮೂಲತಃ ಚೆಕೊಸ್ಲೊವಾಕಿಯದ ಗಾಡಿ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಂಪನಿಯು ಅಲ್ಲಿಯ ಪರವಾನಗಿ ಪಡೆದು 1961ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿತು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1978ರಲ್ಲಿ ರೋಡ್‌ಕಿಂಗ್ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಬೇರೆ ಕಂಪನಿಯ ಮೂಲಕ ಮರಳಿ ಬಂದಿರುವುದು ನಿಜ. ಆದರೆ ಈ ಹೊಸ ಗಾಡಿಗಳ ಎಂಜಿನ್ ನಾಲ್ಕು ಹೊಡೆತದ್ದು, ನೀರಿನಿಂದ ತಂಪಾಗುವಂಥದ್ದು. ಅದರ ಪಿಸ್ಟನ್ನಾಗಲಿ ಹೆಡ್ಡಾಗಲಿ ಹಳೆಯದಕ್ಕೆ ಕೂರುವುದಿಲ್ಲ. ಹೀಗಾಗಿ ಹಳೆಯ ಗಾಡಿಗಳಿಗೆ ಮೂರು ದಶಕಗಳಿಂದ ತಾಯಿಮನೆಯ ಬಿಡಿಭಾಗವೇ ಇಲ್ಲ. ಇಂದು ಓಡುತ್ತಿರುವ ಯಾವುದೇ ಹಳೆಯ ಯೆಜ್ಡಿಯೊಳಗೆ ಅಂಗಡಿಯ ನಕಲು ಭಾಗ, ಇನ್ನೊಂದು ಗಾಡಿಯಿಂದ ಕಳಚಿ ತಂದ ಭಾಗ, ಲೇತ್ ಅಂಗಡಿಯಲ್ಲಿ ಕಡೆಸಿದ ಭಾಗ ಇವುಗಳಲ್ಲೊಂದು ಇದ್ದೇ ಇರುತ್ತದೆ ಎಂದು ಭಾವಿಸಿಯೇ ಕೆಲಸಕ್ಕೆ ಕೈ ಹಾಕಬೇಕು. ಕಾರ್ಖಾನೆಯೂ ತನ್ನ ಮೂವತ್ತೈದು ವರ್ಷಗಳಲ್ಲಿ ತಾನೇ ಅನೇಕ ಭಾಗಗಳನ್ನು ಬದಲಿಸಿತ್ತು. ಎರಡು ಎಂಜಿನ್ನುಗಳ ನಡುವೆ ವ್ಯತ್ಯಾಸ ಕಂಡೊಡನೆ ಒಂದನ್ನು ಕಲಬೆರಕೆಯೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ.

ಈ ಎಂಜಿನ್ನಿನ ಉಸಿರಾಟವನ್ನು ಅರಿತರೆ ಉಳಿದುದೆಲ್ಲ ಸುಲಭ. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಒಳಬಾಗಿಲು ಹೊರಬಾಗಿಲುಗಳಿಗೆ ವಾಲ್ವ್‌ಗಳಿರುತ್ತವೆ. ಇಲ್ಲಿ ವಾಲ್ವ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳೇ, ಅಂದರೆ ಪೋರ್ಟ್‌ಗಳೇ, ಬಾಗಿಲು. ಮೇಲೆ ಕೆಳಗೆ ಓಡಾಡುವ ಪಿಸ್ಟನ್ನೇ ಕದ. ಹೊಗೆಯ ಕಿಂಡಿ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮಿಶ್ರಣವೂ ಒಳನುಗ್ಗುವುದರಿಂದ ಅದರಲ್ಲಿ ಗಣನೀಯ ಪಾಲು ಸುಡದೆಯೇ ಸೈಲೆನ್ಸರಿನ ಮೂಲಕ ಹೊರಗೆ ಹೋಗುತ್ತದೆ. ಇದು ಈ ಬಗೆಯ ಎಂಜಿನ್ನಿನ ಹುಟ್ಟುಗುಣ. ಕಾರ್ಖಾನೆಯವರು ಆ ನಷ್ಟವನ್ನು ಆದಷ್ಟು ಕಡಿಮೆ ಮಾಡುವಂತೆ ಕಿಂಡಿಗಳ ಎತ್ತರವನ್ನು ನಿಗದಿಪಡಿಸಿರುತ್ತಾರೆ. ಕಿಂಡಿಯ ಅಂಚನ್ನು ಒಂದೆರಡು ಮಿಲಿಮೀಟರ್ ಅರೆದರೂ ಆ ಲೆಕ್ಕ ತಪ್ಪುತ್ತದೆ. ಆದುದರಿಂದ ಮಾರ್ಪಾಡಿನ ಹುಡುಕಾಟ ಸಿಲಿಂಡರಿನಿಂದಲೇ ಆರಂಭವಾಗಬೇಕು.

ಆದರೆ ಸಿಲಿಂಡರ್ ಬಿಚ್ಚುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಕ್ರ್ಯಾಂಕ್‌ಕೇಸಿನ ಮೇಲೆ ಕೆತ್ತಿರುವ ಎಂಜಿನ್ ಸಂಖ್ಯೆಯನ್ನೂ ಚಾಸಿಯ ಸಂಖ್ಯೆಯನ್ನೂ ಆರ್.ಸಿ. ಪುಸ್ತಕದೊಡನೆ ಹೋಲಿಸಿ ನೋಡಬೇಕು. ಸಂಖ್ಯೆಯಿರುವ ಜಾಗ ಮಾತ್ರ ಸುತ್ತಲಿಗಿಂತ ನುಣುಪಾಗಿದ್ದರೆ, ಅಂಕಿಗಳ ಆಳವೂ ಸಾಲೂ ಒಂದೇ ಸಮನಾಗಿಲ್ಲದಿದ್ದರೆ ಅನುಮಾನಿಸಬೇಕು. ಒಡೆದ ಕೇಸಿನ ಬದಲಿಗೆ ಗುಜರಿಯಿಂದ ತಂದ ಕೇಸ್ ಹಾಕಿರುವುದೂ ಉಂಟು. ಅದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಆದರೂ ದಾಖಲೆಯ ತೊಡಕು ಬಿಡಿಸದೆ ಸಾವಿರಾರು ರೂಪಾಯಿ ಸುರಿಯುವುದು ಜಾಣತನವಲ್ಲ. ಕೇಸಿನ ಎಡ ಬಲ ಹೋಳುಗಳನ್ನು ಜೋಡಿಯಾಗಿಯೇ ಕಡೆದಿರುತ್ತಾರೆ. ಎರಡು ಬೇರೆ ಎಂಜಿನ್ನುಗಳ ಹೋಳುಗಳನ್ನು ಕೂಡಿಸಿದ್ದರೆ ಸಿಲಿಂಡರ್ ಕೂರುವ ಮೇಲ್ಮೈಯಲ್ಲಿ ಸಣ್ಣ ಮೆಟ್ಟಿಲು ಕಾಣುತ್ತದೆ. ಉಗುರನ್ನು ಅಡ್ಡಲಾಗಿ ಎಳೆದರೆ ಬೆರಳಿಗೇ ತಿಳಿಯುತ್ತದೆ.

ಈಗ ಸಿಲಿಂಡರಿಗೆ ಬರೋಣವೆಂದರೆ, ಅಳತೆಯೇ ಇಲ್ಲಿ ಮೊದಲ ಸಾಕ್ಷಿ. ಈ 250 ಸಿ.ಸಿ. ಎಂಜಿನ್ನಿನ ಬೋರು 65 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ವಿದ್ಯಾರ್ಥಿಗಳು ಸಿಲಿಂಡರಿನ ಘನಫಲದ ಸೂತ್ರವನ್ನು ಹಚ್ಚಿ ನೋಡಿದರೆ ಸುಮಾರು 248.9 ಘನ ಸೆಂಟಿಮೀಟರ್ ಸಿಗುತ್ತದೆ. ಸವೆದ ಬೋರನ್ನು ಹಿಗ್ಗಿಸಿ ಕಾಲು ಮಿಲಿಮೀಟರಿನಂತೆ ದಪ್ಪವಾದ ಪಿಸ್ಟನ್ ಹಾಕುವುದು ರಿಪೇರಿಯ ರೂಢಿ. ಬೋರು 66 ಮಿಲಿಮೀಟರಿಗೆ ಬಂದಿದ್ದರೆ ಘನಫಲ ಸುಮಾರು 256.6 ಆಗುತ್ತದೆ. ಇದು ಮಾರ್ಪಾಡಲ್ಲ, ವಯಸ್ಸು. ಪಿಸ್ಟನ್ನಿನ ತಲೆಯ ಮೇಲಿನ ಮಸಿಯನ್ನು ಮೆಲ್ಲಗೆ ತೆಗೆದರೆ ಅಳತೆಯ ಅಚ್ಚೂ ಹೊಗೆಯ ಕಿಂಡಿಯ ಕಡೆಗೆ ತೋರುವ ಬಾಣದ ಗುರುತೂ ಕಾಣಬಹುದು. ಮಸಿ ತೆಗೆಯುವಾಗ ಎಚ್ಚರ ಬೇಕು. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಮಾರಾಟ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ಓಡಿ ನಿಂತ ಎಂಜಿನ್ನಿನ ಮಸಿಯಲ್ಲಿ ಸೀಸ ಇರುತ್ತದೆ. ಅದನ್ನು ಒಣಗಿದಂತೆಯೇ ಕೆರೆದು ಬಾಯಿಂದ ಊದಬಾರದು. ಎಣ್ಣೆಯಲ್ಲಿ ನೆನೆಸಿ ಬಟ್ಟೆಯಿಂದ ಒರೆಸಬೇಕು. ಹಳೆಯ ಪ್ಯಾಕಿಂಗ್ ಮತ್ತು ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಅವುಗಳಿಗೂ ಇದೇ ಮಾತು ಸಲ್ಲುತ್ತದೆ.

ಬೋರನ್ನು ಇನ್ನು ಹಿಗ್ಗಿಸಲಾಗದಷ್ಟು ಸವೆದಾಗ ಒಳಗೆ ಹೊಸ ಸ್ಲೀವ್ ಕೂರಿಸುತ್ತಾರೆ. ಎರಕದ ಕಬ್ಬಿಣದ ಸಿಲಿಂಡರಿನ ಮೇಲ್ಮುಖವನ್ನು ಚೆನ್ನಾಗಿ ಒರೆಸಿ ಬಿಸಿಲಿನಲ್ಲಿ ಓರೆಯಾಗಿ ಹಿಡಿದರೆ ಬೋರಿನ ಸುತ್ತ ಕೂದಲೆಳೆಯಂಥ ವೃತ್ತ ಕಾಣುತ್ತದೆ. ಅದು ಸ್ಲೀವಿನ ಅಂಚು. ಸ್ಲೀವ್ ಹಾಕಿದ್ದೇ ದೋಷವಲ್ಲ. ಸ್ಲೀವಿನಲ್ಲಿ ಕೊರೆದ ಕಿಂಡಿ ಹೊರಗಿನ ಸಿಲಿಂಡರಿನ ದಾರಿಗೆ ಸರಿಯಾಗಿ ಕೂಡಿದೆಯೇ ಎಂಬುದು ಮುಖ್ಯ. ಕೊರೆಯುವವನು ಅವಸರಪಟ್ಟಿದ್ದರೆ ಅಲ್ಲೊಂದು ಹೊಸ್ತಿಲು ಉಳಿದು ಗಾಳಿಯ ಓಟಕ್ಕೆ ಅಡ್ಡಿಯಾಗುತ್ತದೆ.

ಕಿಂಡಿಗಳನ್ನು ಅರೆದಿರುವುದನ್ನು ಪತ್ತೆಹಚ್ಚಲು ದುಬಾರಿ ಉಪಕರಣ ಬೇಕಿಲ್ಲ. ಶಾಲಾಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದುಂಟಲ್ಲ, ಅದೇ ಉಪಾಯ ಸಾಕು. 65 ಮಿಲಿಮೀಟರ್ ಬೋರಿನ ಸುತ್ತಳತೆ ಸುಮಾರು 204 ಮಿಲಿಮೀಟರ್. ಜೆರಾಕ್ಸ್ ಅಂಗಡಿಯ ಎ-4 ಹಾಳೆಯ ಅಗಲ 210. ಹಾಳೆಯನ್ನು ಸುರುಳಿ ಸುತ್ತಿ ಬೋರಿನೊಳಗೆ ಇಳಿಸಿ, ಅದರ ಮೇಲಂಚನ್ನು ಸಿಲಿಂಡರಿನ ಮೇಲ್ಮುಖಕ್ಕೆ ಸರಿಹೊಂದಿಸಿ, ಬೆರಳಿಗೆ ತುಸು ಮಸಿ ಹಚ್ಚಿಕೊಂಡು ಕಿಂಡಿಗಳ ಅಂಚಿನ ಮೇಲೆ ಉಜ್ಜಿದರೆ ಎಲ್ಲ ಕಿಂಡಿಗಳ ನಕ್ಷೆ ಹಾಳೆಯ ಮೇಲೆ ಮೂಡುತ್ತದೆ. ಹಾಳೆಯನ್ನು ಹೊರತೆಗೆದು ಹರಡಿ ಅಳತೆಪಟ್ಟಿಯಿಂದ ಪ್ರತಿ ಕಿಂಡಿಯೂ ಮೇಲ್ಮುಖದಿಂದ ಎಷ್ಟು ಕೆಳಗಿದೆಯೆಂದು ಬರೆದುಕೊಳ್ಳಬೇಕು. ಅದೇ ಮಾದರಿಯ, ಕೈ ತಾಗದ ಇನ್ನೊಂದು ಸಿಲಿಂಡರ್ ಎಲ್ಲಾದರೂ ಸಿಕ್ಕರೆ ಅದರ ನಕ್ಷೆಯನ್ನೂ ತೆಗೆದು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಬಹುದು. ಸಿಗದಿದ್ದರೂ ನಿರಾಶೆ ಬೇಡ. ಮಿಶ್ರಣ ಮೇಲೇರುವ ಕಿಂಡಿಗಳು ಎಡಕ್ಕೂ ಬಲಕ್ಕೂ ಕನ್ನಡಿಯ ಬಿಂಬದಂತೆ ಒಂದೇ ಎತ್ತರದಲ್ಲಿರಬೇಕು. ಹಾಳೆಯನ್ನು ನಡುವೆ ಮಡಚಿದರೆ ಎರಡೂ ಕೂಡಬೇಕು. ಕಾರ್ಖಾನೆಯ ಯಂತ್ರಕ್ಕೆ ಎಡ ಬಲದ ಪಕ್ಷಪಾತವಿಲ್ಲ. ಅರದಿಂದ ಉಜ್ಜುವ ಮನುಷ್ಯನ ಕೈಗೆ ಇದೆ. ಅರ್ಧ ಮಿಲಿಮೀಟರ್ ವ್ಯತ್ಯಾಸ ಕಂಡರೂ ಅಲ್ಲಿ ಕೈ ಆಡಿದೆ ಎಂದೇ ಅರ್ಥ. ಕಿಂಡಿಯ ಒಳದಾರಿಯನ್ನೂ ಬ್ಯಾಟರಿ ಹಿಡಿದು ನೋಡಬೇಕು. ಎರಕದ ಮೈ ಮರಳುಮರಳಾಗಿ ಒಂದೇ ತೆರನಾಗಿರುತ್ತದೆ. ಗ್ರೈಂಡರ್ ಹಾಯಿಸಿದ ಕಡೆ ಅಲೆಯಲೆಯಾದ ಹೊಳಪು ಕಾಣುತ್ತದೆ.

ಹೊಗೆಯ ಕಿಂಡಿಯ ಮೇಲಂಚನ್ನು ಎತ್ತರಿಸಿದರೆ ಅದು ಬೇಗ ತೆರೆಯುತ್ತದೆ. ಹೆಚ್ಚು ವೇಗದಲ್ಲಿ ಎಂಜಿನ್ ಚುರುಕಾಗುವುದು ದಿಟ. ಪಂದ್ಯಕ್ಕೆ ಅದು ತಕ್ಕದ್ದು. ಆದರೆ ಕಡಲೆಕಾಯಿ ಮೂಟೆ ಹೇರಿಕೊಂಡು ಮಧುಗಿರಿಯ ಕಡೆಯ ಏರು ಹತ್ತಬೇಕಾದ ಗಾಡಿಗೆ ಬೇಕಾದದ್ದು ಕಡಿಮೆ ವೇಗದ ಎಳೆತ. ಅದೇ ಇಲ್ಲಿ ಕುಗ್ಗುತ್ತದೆ. ಸವಾರ ಆಕ್ಸಿಲರೇಟರ್ ತಿರುವುತ್ತಲೇ ಇರಬೇಕಾಗುತ್ತದೆ, ಪೆಟ್ರೋಲ್ ಸುಡದೆ ಹೊರಹೋಗುತ್ತಲೇ ಇರುತ್ತದೆ. ಇಂಥ ಸಿಲಿಂಡರನ್ನು ಮತ್ತೆ ಕೂರಿಸುವುದಕ್ಕಿಂತ ಬೇರೊಂದನ್ನು ಹುಡುಕುವುದೇ ಮೇಲು. ಅರೆದ ಲೋಹ ಮರಳಿ ಬೆಳೆಯುವುದಿಲ್ಲ.

ಸಿಲಿಂಡರನ್ನು ಅರೆಯದೆಯೂ ಇದೇ ಪರಿಣಾಮ ಪಡೆಯುವ ಒಳದಾರಿಯೊಂದಿದೆ. ಸಿಲಿಂಡರಿನ ಬುಡದ ಪ್ಯಾಕಿಂಗಿನ ಜಾಗದಲ್ಲಿ ದಪ್ಪ ಅಲ್ಯೂಮಿನಿಯಂ ತಗಡನ್ನೋ ಎರಡು ಮೂರು ಪ್ಯಾಕಿಂಗುಗಳನ್ನೋ ಇಟ್ಟರೆ ಇಡೀ ಸಿಲಿಂಡರ್ ಮೇಲೇರುತ್ತದೆ, ಅದರೊಡನೆ ಕಿಂಡಿಗಳೂ ಏರುತ್ತವೆ. ಬಿಚ್ಚುವಾಗಲೇ ಬುಡದ ಪ್ಯಾಕಿಂಗಿನ ದಪ್ಪವನ್ನು ಅಳೆದು ಬರೆದಿಡದಿದ್ದರೆ ಈ ಸಾಕ್ಷಿ ಕಸದ ಬುಟ್ಟಿ ಸೇರಿರುತ್ತದೆ. ಮೆಕ್ಯಾನಿಕ್‌ಗಳು ಹಳೆಯ ಪ್ಯಾಕಿಂಗನ್ನು ಕಿತ್ತೊಡನೆ ಎಸೆಯುವುದು ವಾಡಿಕೆ. ಒಂದು ತಂತಿಗೆ ಪೋಣಿಸಿ ಗೋಡೆಗೆ ತೂಗುಹಾಕಿದರೆ ಮುಂದೆ ಪ್ರಯೋಜನಕ್ಕೆ ಬರುತ್ತದೆ.

ಹೆಡ್ಡಿನ ವಿಷಯದಲ್ಲಿ ಈ ಸೀಮೆಯ ಅನುಭವವೇ ಬೇರೆ. ಪಟ್ಟಣದ ಹುಡುಗರು ಹೆಡ್ಡನ್ನು ಲೇತಿಗೆ ಕೊಟ್ಟು ತೆಳುವಾಗಿಸಿ ಒತ್ತಡ ಹೆಚ್ಚಿಸಿದರೆ, ಹಳ್ಳಿಗಳಲ್ಲಿ ನಡೆದದ್ದು ಅದಕ್ಕೆ ವಿರುದ್ಧ. ಪೆಟ್ರೋಲ್ ದುಬಾರಿಯಾದ ದಿನಗಳಲ್ಲಿ ಪಡಿತರದ ನೀಲಿ ಸೀಮೆಎಣ್ಣೆಯನ್ನು ಬೆರೆಸಿ ಓಡಿಸುವ ಚಾಳಿಯಿತ್ತು. ಸೀಮೆಎಣ್ಣೆ ಒತ್ತಡವನ್ನು ತಾಳದೆ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ಎಂಜಿನ್ ಟಕಟಕ ಬಡಿದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಹೆಡ್ಡಿನ ಕೆಳಗೆ ಒಂದರ ಬದಲು ಎರಡು ಪ್ಯಾಕಿಂಗ್ ಹಾಕಿ ಒತ್ತಡ ಇಳಿಸುತ್ತಿದ್ದರು. ಬಿಚ್ಚಿದಾಗ ಅಂಥ ಜೋಡಿ ಪ್ಯಾಕಿಂಗ್ ಸಿಕ್ಕು, ಪಿಸ್ಟನ್ನಿನ ತಲೆಯ ಅಂಚು ಗೆದ್ದಲು ತಿಂದಂತೆ ಗುಳಿಗುಳಿಯಾಗಿದ್ದರೆ ಆ ಗಾಡಿಯ ಪೂರ್ವಚರಿತ್ರೆ ಏನೆಂಬುದನ್ನು ಯಾರೂ ಹೇಳಬೇಕಾಗಿಲ್ಲ. ಬಡತನ ಮಾಡಿಸಿದ ಮಾರ್ಪಾಡು ಇದು, ಹಂಗಿಸುವಂಥದ್ದಲ್ಲ. ಆದರೆ ಇಂದು ಶುದ್ಧ ಪೆಟ್ರೋಲ್ ಹಾಕಿ ಓಡಿಸುವಾಗ ಆ ಎರಡನೆಯ ಪ್ಯಾಕಿಂಗ್ ಬರಿದೇ ಶಕ್ತಿಯನ್ನು ಕುಂದಿಸಿ ಹೊಗೆಯನ್ನು ಹೆಚ್ಚಿಸುತ್ತದೆ.

ತೆಳುವಾಗಿಸಿದ ಹೆಡ್ಡನ್ನು ಗುರುತಿಸಲು ಮೊದಲು ಕಣ್ಣನ್ನೂ ಆಮೇಲೆ ನೀರನ್ನೂ ಬಳಸಬೇಕು. ಕೂರುವ ಮುಖದ ಮೇಲೆ ಲೇತಿನ ಹೊಸ ವೃತ್ತಗೀರುಗಳಿವೆಯೇ, ಕೊನೆಯ ರೆಕ್ಕೆಗೂ ಮುಖಕ್ಕೂ ನಡುವಿನ ದಪ್ಪ ಸುತ್ತಲೂ ಒಂದೇ ಸಮನಿದೆಯೇ ನೋಡಬೇಕು. ಆಮೇಲೆ ಪ್ಲಗ್ ಹಾಕಿ ಹೆಡ್ಡನ್ನು ಮಗುಚಿ ಸಮತಟ್ಟಾಗಿಟ್ಟು, ನಡುವೆ ಚಿಕ್ಕ ತೂತಿರುವ ಗಾಜಿನ ತುಂಡನ್ನು ಗ್ರೀಸ್ ಹಚ್ಚಿ ಮುಚ್ಚಿ, ಔಷಧಿಯಂಗಡಿಯ ಸಿರಿಂಜಿನಿಂದ ನೀರು ತುಂಬಿಸಬೇಕು. ಎಷ್ಟು ಮಿಲಿಲೀಟರ್ ಹಿಡಿಯಿತೋ ಅದೇ ಆ ಗುಂಡಿಯ ಅಳತೆ. ಪಿಸ್ಟನ್ನಿನ ತಲೆ ಉಬ್ಬಾಗಿದ್ದರೆ ಅದು ಆಕ್ರಮಿಸುವ ಜಾಗವನ್ನು ಕಳೆದು, ಪ್ಯಾಕಿಂಗಿನ ದಪ್ಪದ ಜಾಗವನ್ನು ಕೂಡಿಸಿಕೊಳ್ಳಬೇಕು. ಹೀಗೆ ಉಳಿದ ಜಾಗ 40 ಘನ ಸೆಂಟಿಮೀಟರ್ ಎಂದು ಭಾವಿಸೋಣ. 248.9ಕ್ಕೆ 40 ಕೂಡಿಸಿ 40ರಿಂದ ಭಾಗಿಸಿದರೆ ಒತ್ತಡದ ಪ್ರಮಾಣ 7.2. ಅದೇ ಹೆಡ್ಡನ್ನು ಒಂದೇ ಒಂದು ಮಿಲಿಮೀಟರ್ ಕಡೆಸಿದರೆ ಜಾಗ ಸುಮಾರು 3.3 ಘನ ಸೆಂಟಿಮೀಟರ್ ಕುಗ್ಗಿ ಪ್ರಮಾಣ 7.8ಕ್ಕೆ ಏರುತ್ತದೆ. ಹತ್ತನೆಯ ತರಗತಿಯ ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು. ಬಾಗಿದ ಹೆಡ್ಡನ್ನು ಸಮತಟ್ಟು ಮಾಡಲು ಎಳೆಯಷ್ಟು ಕಡೆಸುವುದು ಒಪ್ಪತಕ್ಕ ರಿಪೇರಿಯೇ. ಅಳತೆ ತೆಗೆದರೆ ರಿಪೇರಿಗೂ ಪಂದ್ಯದ ತಯಾರಿಗೂ ಇರುವ ಅಂತರ ತಾನಾಗಿ ಹೊರಬೀಳುತ್ತದೆ.

ಪಿಸ್ಟನ್ನಿನಲ್ಲಿ ನೋಡಬೇಕಾದದ್ದು ಅದರ ಕೆಳ ಅಂಚು. ಕಾರ್ಬೊರೇಟರಿನ ಕಡೆಯ ಅಂಚನ್ನು ಕತ್ತರಿಸಿದ್ದರೆ ಒಳಗಾಳಿಯ ಕಿಂಡಿ ಬೇಗ ತೆರೆದು ತಡವಾಗಿ ಮುಚ್ಚುತ್ತದೆ. ನಿಧಾನದ ಓಟದಲ್ಲಿ ಮಿಶ್ರಣ ಹಿಮ್ಮುಖವಾಗಿ ಉಗುಳಿ ಏರ್ ಫಿಲ್ಟರ್ ಸದಾ ಎಣ್ಣೆಯಿಂದ ಒದ್ದೆಯಾಗಿರುತ್ತದೆ. ಫಿಲ್ಟರೇ ಇಲ್ಲದಿದ್ದರೆ ಕಾರಣ ಇದೂ ಆಗಿರಬಹುದು. ರಿಂಗುಗಳ ತುದಿ ಕಿಂಡಿಯೊಳಗೆ ಸಿಕ್ಕಿ ಮುರಿಯದಂತೆ ತಡೆಯುವ ಚಿಕ್ಕ ಮೊಳೆಗಳು ಪಿಸ್ಟನ್ನಿನ ಗಾಡಿಗಳಲ್ಲಿ ಇರಲೇಬೇಕು. ಅವಿಲ್ಲದ ಪಿಸ್ಟನ್ ಬೇರಾವುದೋ ನಾಲ್ಕು ಹೊಡೆತದ ಎಂಜಿನ್ನಿನದು. ಅದನ್ನು ಮರುಮಾತಿಲ್ಲದೆ ಪಕ್ಕಕ್ಕಿಡಬೇಕು.

ಕೇಸಿನೊಳಗೆ ಬೇರಿಂಗ್ ಕೂರುವ ಬಳೆಯ ಸುತ್ತ ಸಾಲಾಗಿ ಚುಕ್ಕೆಗಳಿದ್ದರೆ ಅವು ಸೆಂಟರ್ ಪಂಚಿನ ಏಟುಗಳು. ಸಡಿಲವಾದ ಬೇರಿಂಗನ್ನು ಬಿಗಿಯಾಗಿಸಲು ರಸ್ತೆಬದಿಯಲ್ಲಿ ಮಾಡುವ ತಾತ್ಕಾಲಿಕ ಉಪಾಯವದು. ಬೇರಿಂಗ್ ಸಡಿಲವಾದರೆ ಸೀಲ್ ಸೋರುತ್ತದೆ. ಗೇರ್‌ಬಾಕ್ಸಿನ ಆಯಿಲ್ ಕ್ರ್ಯಾಂಕಿನೊಳಗೆ ಸೇರಿ ಸುಡುತ್ತದೆ. ಎಷ್ಟೇ ಹೊಸ ಪಿಸ್ಟನ್ ಹಾಕಿದರೂ ಬಿಳಿ ಹೊಗೆ ನಿಲ್ಲದ ಗಾಡಿಯಲ್ಲಿ ಬಹಳ ಸಲ ಇದೇ ಮೂಲ. ಪ್ಲಗ್ಗಿನ ಮರೆಯಲ್ಲಿ ಹಿತ್ತಾಳೆಯ ಬುಷ್ ಕಂಡರೆ ಮರೆ ಸವೆದು ಹೊಸದಾಗಿ ಕೊರೆದಿದ್ದಾರೆಂದು ತಿಳಿಯಬೇಕು. ಅದು ಅಲುಗಾಡದಿದ್ದರೆ ಮುಟ್ಟುವ ಅಗತ್ಯವಿಲ್ಲ. ಕೆಲವರಿಗೆ ಎಲ್ಲವೂ ಮೂಲದಂತೆಯೇ ಇರಬೇಕೆಂಬ ಹಟ. ನಲವತ್ತು ವರ್ಷಗಳ ಹಿಂದೆ ಯಾವನೋ ಒಳ್ಳೆಯ ಟರ್ನರ್ ಮಾಡಿದ ಗಟ್ಟಿ ಕೆಲಸವನ್ನು ಕಿತ್ತು ಅಂಗಡಿಯ ಕಳಪೆ ನಕಲು ಭಾಗವನ್ನು ಹಾಕುವುದಕ್ಕೆ ಮೂಲನಿಷ್ಠೆಯೆಂದು ಹೆಸರಿಡಲಾಗದು.

ಕಾರ್ಬೊರೇಟರಿನ ಜೆಟ್ಟಿನ ಮೇಲೆ ಸಂಖ್ಯೆಯಿರುತ್ತದೆ. ಆದರೆ ಸಂಖ್ಯೆಯನ್ನು ನಂಬುವ ಮುನ್ನ ತೂತನ್ನು ಭೂತಗನ್ನಡಿಯಲ್ಲಿ ನೋಡಬೇಕು. ಸೂಜಿಯಿಂದ ಹಿಗ್ಗಿಸಿದ ತೂತು ದುಂಡಗಿರುವುದಿಲ್ಲ. ಇಲ್ಲೊಂದು ಹೊಸ ತೊಡಕೂ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದರಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಹೀಗಾಗಿ ಒಂದು ಸಂಖ್ಯೆ ದೊಡ್ಡದಾದ ಜೆಟ್ಟನ್ನು ತಿಳಿದೇ ಹಾಕಿರಲೂಬಹುದು. ಹಳೆಯ ರಬ್ಬರ್ ಸೀಲು, ಪೈಪುಗಳನ್ನು ಎಥನಾಲ್ ಮೆತ್ತಗಾಗಿಸುವುದರಿಂದ ಅವುಗಳನ್ನು ಬದಲಿಸುವುದೂ ಅಗತ್ಯ.

ಇನ್ನು ಸೈಲೆನ್ಸರ್. ಒಳಗಿನ ಜಾಲರಿಕೊಳವೆಯನ್ನು ಕಿತ್ತೆಸೆದರೆ ಗಾಡಿ ಗುಡುಗುತ್ತದೆ. ಅದನ್ನೇ ಶಕ್ತಿಯೆಂದು ಭ್ರಮಿಸುವವರಿದ್ದಾರೆ. ಎರಡು ಹೊಡೆತದ ಎಂಜಿನ್ನಿನಲ್ಲಿ ಸೈಲೆನ್ಸರಿನ ಒಳರಚನೆ ಸುಡದ ಮಿಶ್ರಣ ಹೊರಹೋಗುವುದನ್ನು ಒಂದಿಷ್ಟು ತಡೆಯುವುದರಿಂದ ಅದನ್ನು ತೆಗೆದರೆ ನಿತ್ಯದ ಓಟದಲ್ಲಿ ನಷ್ಟವೇ. ಹಿಂಬದಿಯ ನಟ್ ಬಿಚ್ಚಿ ಎಳೆದರೆ ಕೊಳವೆ ಇದೆಯೋ ಇಲ್ಲವೋ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಅವನ್ನು ಕಾಯುತ್ತಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಆ ದಾರಿಗಳಲ್ಲಿ ಬರಿಕೊಳವೆಯ ಗಾಡಿ ಓಡಿಸುವುದು ಎಷ್ಟು ಸರಿ ಎಂಬುದನ್ನು ಓಡಿಸುವವರೇ ಯೋಚಿಸಬೇಕು.

ಬಿಚ್ಚಿದ ಭಾಗಗಳನ್ನು ತೊಳೆದ ಸೀಮೆಎಣ್ಣೆ, ಹಳೆಯ ಗೇರ್ ಆಯಿಲ್ ಇವನ್ನು ತಿಪ್ಪೆಗೋ ಕೆರೆಯ ಏರಿಯ ಕೆಳಗೋ ಚೆಲ್ಲುವ ರೂಢಿ ನಿಲ್ಲಬೇಕು. ಅಗಲವಾದ ತಟ್ಟೆಯಲ್ಲಿ ತೊಳೆದು, ಎರಡು ದಿನ ಬಿಟ್ಟರೆ ಕಸರು ತಳಕ್ಕಿಳಿಯುತ್ತದೆ. ಮೇಲಿನದನ್ನು ಮತ್ತೆ ತೊಳೆಯಲು ಬಳಸಬಹುದು. ಉಳಿದುದನ್ನು ಮುಚ್ಚಳವಿರುವ ಡಬ್ಬದಲ್ಲಿ ಕೂಡಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಬೇಕು.

ಕಾನೂನಿನ ಮಾತನ್ನೂ ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣವು ನೋಂದಣಿಯಲ್ಲಿರುವ ವಿವರಕ್ಕೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿಯ ಅನ್ವಯ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಹಿಂದಿನ ಮಾಲೀಕ ಮಾಡಿಸಿದ್ದು ಎಂಬ ಸಮಜಾಯಿಷಿ ತನಿಖೆಯ ಹೊತ್ತಿನಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಯೆಂದು ನೆಚ್ಚಿಕೊಳ್ಳುವುದಕ್ಕಿಂತ, ಬಿಚ್ಚಿದ ದಿನವೇ ಭಾವಚಿತ್ರ ತೆಗೆದು ಅಳತೆಗಳನ್ನು ದಿನಾಂಕದೊಡನೆ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳಿತು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ಹೊರಡಿಸಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈಕಟ್ಟು ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಗಾಡಿಗಳಿಗೆ ‘ವಿಎ’ ಅಕ್ಷರವುಳ್ಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಮೈಸೂರಿನ ಜಾವಾ ಗಾಡಿಗಳು, ಯೆಜ್ಡಿಯ ಮೊದಲ ವರ್ಷಗಳ ಗಾಡಿಗಳು ಈಗಾಗಲೇ ಈ ವಯಸ್ಸನ್ನು ದಾಟಿವೆ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ಸಂಶೋಧನೆ, ರ್‍ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇಂಥ ಉದ್ದೇಶಗಳಿಗಷ್ಟೇ ರಸ್ತೆಗಿಳಿಸಬಹುದು. ನಿತ್ಯ ತೋಟಕ್ಕೂ ಸಂತೆಗೂ ಹೋಗಿಬರುವವರಿಗೆ ಅದು ಹೊಂದುವುದಿಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು, ಹೊಗೆ ತಪಾಸಣೆಯ ಪ್ರಮಾಣಪತ್ರವನ್ನು ಇಟ್ಟುಕೊಳ್ಳಬೇಕು. ಗಾಡಿಯನ್ನು ಯಾವ ದಾರಿಗೆ ಹಚ್ಚುವುದೆಂಬ ತೀರ್ಮಾನ ಎಂಜಿನ್ ಬಿಚ್ಚಿ ಕಿಂಡಿಗಳ ನಕ್ಷೆ ತೆಗೆದು ನೋಡಿದ ಮೇಲೆ ಆಗಬೇಕೇ ಹೊರತು, ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿದ ಮೇಲಲ್ಲ.